ಬರೇ ಹಾಡು

ನೆರೆಮನೆಯವರು ಬಟ್ಟಲು ಹಿಡಿದು ಬಂದು ಸಕ್ಕರೆ ಕೇಳಿದರೆ ನಾನು ಸಂತೋಷದಿಂದ ಕೊಡುತ್ತೇನೆ, ಕೊಟ್ಟು ಮರೆಯುತ್ತೇನೆ. ಅಭಿಪ್ರಾಯ ಕೇಳಲು ಬಂದರೆ ಮಾತ್ರ ನನ್ನ ಕೈಕಾಲು ತಣ್ಣಗಾಗುತ್ತವೆ. ಸಕ್ಕರೆ ಅವರ ಚಹಾದಲ್ಲಿ ಕರಗಿ ಹೋಗುತ್ತದೆ. ಅಭಿಪ್ರಾಯ ಕರಗುವ ಜಾತಿಯದಲ್ಲ. ಅದು ಊರೆಲ್ಲ ಸುತ್ತಿ, ಒಂದು ದಿನ ‘ನೀವ ಹೇಳಿದ್ರಲ್ರಿ’ ಎನ್ನುತ್ತ ನಮ್ಮ ಹೊಸ್ತಿಲಿಗೇ ಬಂದು ನಿಲ್ಲುತ್ತದೆ. ಆದರೂ ಜನ ನನ್ನನ್ನು ಕೇಳುವುದು ಬಿಡುವುದಿಲ್ಲ. ಕಾರಣ ಇಷ್ಟೇ, ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಕನ್ನಡ ಕಲಿಸುವವಳಿಗೆ ನಾಟಕ ತಿಳಿಯುತ್ತದೆ ಎಂಬುದು ಲೋಕದ ನಂಬಿಕೆ. ಊರಿಗೆ ನಾಟಕ ಕಂಪನಿ ಬಂತೆಂದರೆ ಸಾಕು, ‘ಟೀಚರ್, ನೋಡೂವಂಥಾದ್ದೈತೇನ್ರಿ?’ ಎಂದು ಹಾಲಿನವನಿಂದ ಹಿಡಿದು ಹೆಡ್‌ಮಾಸ್ತರರವರೆಗೆ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಗಣಿತದ ಮಾಸ್ತರರನ್ನು ಯಾರೂ ಹೀಗೆ ಕಾಡುವುದಿಲ್ಲ. ಅವರು ಬಸ್ ಸ್ಟ್ಯಾಂಡಿನ ಹತ್ತಿರ ನಿಶ್ಚಿಂತೆಯಿಂದ ಕಬ್ಬಿನ ಹಾಲು ಕುಡಿಯುತ್ತ ನಿಂತಿರುತ್ತಾರೆ.

ಈ ಸಲ ಬಂದ ಕಂಪನಿಯ ನಾಟಕದ ಹೆಸರು ‘ಸೊಸಿ ಹಾಡಿದ್ದೇ ರಾಗ’. ಆಟೋದ ಮೇಲೆ ಮೈಕು ಕಟ್ಟಿಕೊಂಡು ಊರೊಳಗೆ ಕನ್ನಡದಲ್ಲಿ, ನಿಪ್ಪಾಣಿ ರಸ್ತೆಗೆ ಹೊರಳಿದ ಮೇಲೆ ಮರಾಠಿಯಲ್ಲಿ ಕೂಗುತ್ತ ಹೋದರು. ಸಾಂಸಾರಿಕ ಸಂಗೀತ ನಾಟಕ, ಕುಟುಂಬ ಸಮೇತ ಬನ್ನಿ ಎಂದರು. ನಾನು ಕುಟುಂಬದಲ್ಲಿ ಕೈಗೆ ಸಿಕ್ಕ ಒಬ್ಬರನ್ನು, ಎಂದರೆ ನಮ್ಮ ಮನೆಯವರನ್ನು, ಕಿರಾಣಿ ಅಂಗಡಿಯಿಂದ ಎಬ್ಬಿಸಿಕೊಂಡು ಮೊದಲ ದಿನವೇ ಹೋದೆ. ಹಾಡುಗಳೆಂದರೆ ಹಾಡುಗಳು. ಬಾಗಿಲು ತೆರೆದರೆ ಒಂದು ಹಾಡು, ಮುಚ್ಚಿದರೆ ಇನ್ನೊಂದು. ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಸೊಸೆ ಹಾಡತೊಡಗಿದಳು. ಹಾಡು ಮುಗಿಯುವಷ್ಟರಲ್ಲಿ ಆ ಹಾಲು ಉಕ್ಕಿ, ಹೆಪ್ಪಾಗಿ, ಬೆಣ್ಣೆ ಬಂದು ತುಪ್ಪವಾಗಿರಬೇಕು. ನಡುನಡುವೆ ಸಿಕ್ಕಷ್ಟು ಜಾಗದಲ್ಲಿ ಕಥೆ ಇತ್ತು. ಕಥೆ ಏನೆಂದರೆ, ಸೊಸೆ ಅತ್ತೆಯ ಸೊಂಟದಿಂದ ಕೀಲಿಕೈ ಗೊಂಚಲು ಕಿತ್ತುಕೊಂಡು ಅವಳನ್ನು ಮೆಣಸಿನಕಾಯಿ ಕುಟ್ಟಲು ಕೂಡಿಸುತ್ತಾಳೆ. ನಾನು ಸೆರಗು ಬಾಯಿಗೆ ಹಿಡಿದು ಕಣ್ಣೀರು ಬರುವ ಹಾಗೆ ನಕ್ಕೆ. ಮನೆಗೆ ಬಂದ ಮೇಲೆ, ಕನ್ನಡ ಟೀಚರಿನ ಗೌರವಕ್ಕೆ ತಕ್ಕಂತೆ, ನಾಟಕದಲ್ಲಿ ಏನೂ ಇಲ್ಲ ಎಂದು ತೀರ್ಮಾನಿಸಿ ಮಲಗಿದೆ.

ಮರುದಿನ ಫೋನು ಬಂತು. ಬೀಗತಿ ತಾರಾಬಾಯಿಯವರದು. ನಮ್ಮ ಮಗಳು ಅಕ್ಷತಾಳ ಮದುವೆ ಕೊಗನೊಳ್ಳಿಯ ಇವರ ಮನೆಗೆ ನಿಶ್ಚಯವಾಗಿದೆ, ಅಕ್ಕಿಕಾಳು ಬೀಳುವುದೊಂದು ಬಾಕಿ. ನಮ್ಮಂತೆಯೇ ಜೈನರು, ಹೊಲಮನೆ ಇದ್ದ ಒಳ್ಳೆಯ ಜನ. ಆದರೆ ‘ಹೆಣ್ಣ ಹೆತ್ತಾಕಿ ಬೀಗರ ಮುಂದ ಕೆಮ್ಮೂದಿದ್ರೂ ಯೋಚನಿ ಮಾಡಿ ಕೆಮ್ಮಬೇಕು’ ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ನಾಟಕ ನೋಡಿದ ಸುದ್ದಿ ಅಕ್ಷತಾಳ ಬಾಯಿಂದ ಅಳಿಯನಾಗುವವನ ಕಿವಿಗೆ, ಅಲ್ಲಿಂದ ತಾಯಿಗೆ ತಲುಪಿತ್ತು.

“ನಾಟಕ ಹ್ಯಾಂಗೈತ್ರಿ? ಬಂದು ನೋಡೂವಂಥಾದ್ದೈತೇನು?” ಎಂದರು.

ನನಗೆ ಆ ಕೀಲಿಕೈ ಗೊಂಚಲು ಕಣ್ಣ ಮುಂದೆ ಬಂತು. ಚಲೋ ಐತಿ ಎಂದರೆ ಇವರು ಬರುತ್ತಾರೆ, ಬಂದು ನೋಡುತ್ತಾರೆ, ಹೆಣ್ಣಿನ ತಾಯಿ ಇಂಥದ್ದನ್ನು ಚಲೋ ಎಂದಳಲ್ಲ ಎಂದುಕೊಳ್ಳುತ್ತಾರೆ. ಚಲೋ ಇಲ್ಲ ಎಂದರೆ, ತಾವು ಬರುವುದು ನಮಗೆ ಬೇಡವಾಗಿದೆ ಎಂದುಕೊಂಡಾರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

“ಏನ್ ಹೇಳ್ಲಿರಿ, ಬರೇ ಹಾಡ್ರಿ” ಎಂದೆ.

“ಹೌದ್ರಿ? ಬರೇ?”

“ಹೂನ್ರಿ, ಬರೇ.”

“ಆತು ಬಿಡ್ರಿ” ಎಂದು ಅವರು ಫೋನಿಟ್ಟರು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಆ ದಿನ ಚಹಾಕ್ಕೆ ಏಲಕ್ಕಿ ಹಾಕಿಕೊಂಡೆ.

ಎರಡು ದಿನ ಕಳೆದು ಮತ್ತೆ ಫೋನು. “ರವಿವಾರ ಬರ್ತೇವ್ರಿ. ನಾನು, ನಮ್ಮ ನೆಗೆಣ್ಣಿ, ನಾದಿನಿ, ಎಲ್ಲಾರೂ ಜೀಪ್ ಮಾಡ್ಕೊಂಡು ಬರ್ತೇವಿ. ನೀವು ಕನ್ನಡ ಟೀಚರು, ಹಂಗ ಸುಮ್ಮಸುಮ್ಮನ ಯಾವುದನ್ನೂ ಹೊಗಳಾವರಲ್ಲ. ನೀವ ಎರಡೆರಡ ಸಲ ಬರೇ ಅಂದ ಮ್ಯಾಲ ಮುಗೀತ್ರಿ!”

ನಾನು ಹೊಗಳಿದ್ದು ಯಾವಾಗ? ಫೋನು ಕೈಯಲ್ಲಿ ಹಿಡಿದು ನಿಂತಿದ್ದ ನನ್ನನ್ನು ನೋಡಿ ನಮ್ಮ ಮನೆಯವರು ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ದಿನವಿಡೀ ಎರಡು ಭಾಷೆಯ ಗಿರಾಕಿಗಳಿಗೆ ಬೇಳೆ ತೂಗುವ ಮನುಷ್ಯ ಅವರು.

“ಅವರ ತವರುಮನಿ ಗಡಿ ಆಚಿಕಡೆ, ಮರಾಠಿ ಮನಿ. ಮರಾಠ್ಯಾಗ ಬರೇ ಅಂದ್ರ ಚಲೋ ಅಂತ. ನೀ ಕನ್ನಡದಾಗ ಬೈದಿ, ಅವರು ಮರಾಠ್ಯಾಗ ಕೇಳ್ಯಾರ.”

“ಈಗ ಏನ್ ಮಾಡ್ಲಿ?”

“ಕಂಪನಿ ಎದ್ದ ಹೋಗೇತಿ ಅನ್ನು.”

“ಆಟೋದಾಂವ ಕೊಗನೊಳ್ಳಿ ತನಕ ಒದರಾಕತ್ತಾನ!”

“ಹಂಗಾರ ಅರ್ಥ ಬಿಡಿಸಿ ಹೇಳು.”

“ಬೀಗತಿಗೆ ಫೋನ್ ಮಾಡಿ ಮರಾಠಿ ಪಾಠ ಹೇಳ್ಲೇನು?”

ಅವರು ಸೋತು ಅಂಗಡಿಗೆ ಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ವರ್ಷವರ್ಷ ಗಾದೆ ವಿಸ್ತರಿಸಲು ಕೊಡುವವಳು ನಾನು. ಇದೇ ವಾರ ತರಗತಿಯಲ್ಲಿ ನಾನಾರ್ಥಗಳ ಪಾಠವೂ ಬಂದಿರಬೇಕೆ? ‘ಬರೆ’ ಎಂಬ ಪದ ಬಂತು. ಒಬ್ಬಳು ಲೇಖನಿ ಹಿಡಿದು ಬರೆಯುವುದು ಎಂದಳು. ಇನ್ನೊಬ್ಬಳು ಕಾದ ಕಬ್ಬಿಣದಿಂದ ಚರ್ಮಕ್ಕೆ ಹಾಕುವ ಗುರುತು ಎಂದಳು. ಆ ಎರಡನೆಯದು ನನಗೆ ಚೆನ್ನಾಗಿ ಅರ್ಥವಾಯಿತು. ಹಿಂದಿನ ಬೆಂಚಿನಿಂದ ಒಬ್ಬಳು, “ಟೀಚರ್, ಮರಾಠ್ಯಾಗ ಇನ್ನೊಂದ ಐತ್ರಿ” ಎಂದು ಎದ್ದು ನಿಂತಳು. “ಕುಂಡ್ರು” ಎಂದೆ.

ಶುಕ್ರವಾರ ನಾನು ಅಕ್ಷತಾಳನ್ನು ಕರೆದುಕೊಂಡು ಅದೇ ನಾಟಕಕ್ಕೆ ಮತ್ತೆ ಹೋದೆ. ನೋಡುವ ಆಸೆಯಿಂದಲ್ಲ, ಅಪಾಯ ಎಷ್ಟಿದೆ ಎಂದು ಅಳೆಯಲು. ಈ ಸಲ ತಾರಾಬಾಯಿಯವರ ಕಣ್ಣಿನಿಂದ ನೋಡಿದೆ. ಮೊದಲ ದಿನ ಕಿವಿಗೆ ಬೀಳದ ಮಾತುಗಳೆಲ್ಲ ಈಗ ಗಂಟೆ ಬಾರಿಸಿದಂತೆ ಕೇಳಿದವು.

‘ಕೀಲಿಕೈ ನನ್ನ ಸೊಂಟದಾಗ, ಅತ್ತೆವ್ವ ಇನ್ನ ಹಿತ್ತಲದಾಗ’ ಎಂದು ಸೊಸೆ ಗಿರಕಿ ಹೊಡೆದು ಹಾಡಿದರೆ ಪೆಂಡಾಲಿಗೆ ಪೆಂಡಾಲೇ ‘ವನ್ಸ್ ಮೋರ್’ ಎಂದು ಕೂಗಿತು. ಸೊಸೆ ಮತ್ತೆ ಹಾಡಿದಳು. ಮತ್ತೆ ಕೂಗಿದರು. ಜನರಿಗೆ ಬೀಗರೇ ಇರುವುದಿಲ್ಲವೇ ಎಂದು ನನಗೆ ಸಿಟ್ಟು ಬಂತು. ನಾಟಕ ನೋಡುವಂಥದ್ದೋ ಅಲ್ಲವೋ ಎಂದು ಕೇಳುವವರು, ಪಕ್ಕದ ಕುರ್ಚಿಯಲ್ಲಿ ಯಾರು ಕೂಡುತ್ತಾರೆಂದು ಮೊದಲು ಹೇಳಬೇಕು. ಗಂಡನ ಪಕ್ಕ ಕೂತು ನೋಡಿದಾಗ ನಗಿಸಿದ ನಾಟಕ, ಬೀಗತಿಯನ್ನು ನೆನೆದು ನೋಡಿದಾಗ ಒಂದು ಸಲವೂ ನಗಿಸಲಿಲ್ಲ.

“ಯವ್ವಾ, ನಾಟಕದಾಗಿನ ಸೊಸಿ ನಾ ಅಲ್ಲ ಬೇ” ಎಂದಳು ಅಕ್ಷತಾ, ಚಪ್ಪಾಳೆ ತಟ್ಟುತ್ತ.

“ಅದು ನನಗ ಗೊತ್ತೈತಿ. ಅವರಿಗೆ ಗೊತ್ತಾಗಬೇಕಲ್ಲ” ಎಂದೆ. ನಗುವ ಮಾತಲ್ಲ. ಸಣ್ಣವಳಿದ್ದಾಗ ಹಠ ಮಾಡಿದ್ದಕ್ಕೆ ನಾನೇ ಬೈದು ಬೆಳೆಸಿದ ಹುಡುಗಿ, ನಾಳೆ ಹೋಗುವ ಮನೆಯಲ್ಲಿ ನನ್ನ ಒಂದು ಮಾತಿನಿಂದ ಅವಳನ್ನು ಯಾರಾದರೂ ಓರೆಗಣ್ಣಿನಿಂದ ನೋಡಿದರೆ ನಾನು ಹೇಗೆ ಸಹಿಸಲಿ?

ರವಿವಾರ ಜೀಪು ಬಂತು. ಜೈನರ ಊಟ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು, ಮುಳುಗಿದ ಮೇಲೆ ಕಂಪನಿಯವರು ಪರದೆ ಎತ್ತುತ್ತಾರೆ. ನಾನು ಒಂದು ಕಣ್ಣು ಹೋಳಿಗೆಯ ಮೇಲೆ, ಒಂದು ಕಣ್ಣು ಸೂರ್ಯನ ಮೇಲೆ ಇಟ್ಟು ಬಡಿಸಿದೆ. ಈ ಗಡಿಬಿಡಿಯಲ್ಲಿ ಕಟ್ಟಿನ ಸಾರಿಗೆ ಉಪ್ಪು ಹಾಕುವುದೇ ಮರೆತಿತ್ತು. ನಮ್ಮ ಮನೆಯವರು ಹುಬ್ಬು ಹಾರಿಸಿ ಸನ್ನೆ ಮಾಡಿದ ಮೇಲೆ ತಿಳಿಯಿತು. ತಾರಾಬಾಯಿಯವರು ಮಾತ್ರ ಹೋಳಿಗೆಯನ್ನು ಯಾವ ಮುಖದಿಂದ ತಿಂದಿದ್ದರೋ ಸಾರನ್ನೂ ಅದೇ ಮುಖದಿಂದ ಉಂಡರು. ಅವರ ಮುಖದಲ್ಲಿ ಏನನ್ನೂ ಓದಲು ಬರುವುದಿಲ್ಲ. ಹೊರಡುವ ಮುಂಚೆ ಎಲ್ಲರಿಗೂ ಉಡಿ ತುಂಬಿದೆ. ತಾರಾಬಾಯಿಯವರಿಗೆಂದು ಆರಿಸಿ ತಂದ ಹಸಿರು ಖಣವನ್ನು ಅವರ ಉಡಿಗೆ ಹಾಕಿ, ಮನಸ್ಸಿನಲ್ಲೇ ಜಿನೇಶ್ವರನಿಗೆ ಕೈಮುಗಿದೆ.

ಪೆಂಡಾಲಿನಲ್ಲಿ ಅವರು ನನ್ನ ಪಕ್ಕದ ಕುರ್ಚಿಯಲ್ಲೇ ಕೂತರು. ಮಧ್ಯಂತರದಲ್ಲಿ ಮಿರ್ಚಿ ಭಜಿಯ ವಾಸನೆ ಇಡೀ ಪೆಂಡಾಲನ್ನು ತುಂಬಿತು. ರಾತ್ರಿ ಉಣ್ಣದ ನಾವು ಸಾಲಾಗಿ ನೆಟ್ಟಗೆ ಕೂತೆವು. ಆಮೇಲೆ ಆ ದೃಶ್ಯ ಬಂತು. ಸೊಸೆ ಕೀಲಿಕೈ ಕಿತ್ತುಕೊಂಡಳು, ಗಿರಕಿ ಹೊಡೆದಳು, ಜನ ಕೂಗಿದರು. ನಾನು ಕತ್ತು ಹೊರಳಿಸದೆ ಕಣ್ಣಷ್ಟೇ ಹೊರಳಿಸಿ ನೋಡಿದೆ. ಅದೇ ಉಪ್ಪಿಲ್ಲದ ಸಾರಿನ ಮುಖ. ನಂತರ ಅತ್ತೆ ಪಾತ್ರದವಳು ಒರಳಿನ ಮುಂದೆ ಕೂತು, ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತ, ಅಳುತ್ತ, ಒಂದು ಹಾಡು ಹಾಡಿದಳು. ಹಾಡು ಮುಗಿಯುವುದಕ್ಕೂ ತಾರಾಬಾಯಿಯವರು ಎದ್ದು ನಿಲ್ಲುವುದಕ್ಕೂ ಸರಿಹೋಯಿತು.

ಎದ್ದು ಹೊರಟೇ ಬಿಟ್ಟರು ಎಂದುಕೊಂಡೆ. ಮದುವೆಯೂ ಅವರ ಹಿಂದೆಯೇ ಎದ್ದು ಹೊರಟಂತೆ ಕಂಡಿತು. ಆದರೆ ಅವರು ಬಾಗಿಲ ಕಡೆ ಹೋಗಲಿಲ್ಲ, ಸೀದಾ ರಂಗದ ಕಡೆ ನಡೆದರು. ನಮ್ಮ ಕಡೆ ನಟರು ಮನಸ್ಸು ತಟ್ಟುವಂತೆ ಹಾಡಿದರೆ ಜನ ಎದ್ದು ಹೋಗಿ ಉಡುಗೊರೆ ಕೊಟ್ಟು ಆಯೇರಿ ಮಾಡುತ್ತಾರೆ, ಮೈಕಿನಲ್ಲಿ ಹೆಸರು ಹೇಳುತ್ತಾರೆ. ಪೇಟಿ ನುಡಿಸುವವನು ನುಡಿಸುವುದು ನಿಲ್ಲಿಸಿ ಕೂಗಿದ: “ಕೊಗನೊಳ್ಳಿಯ ತಾರಾಬಾಯಿ ಅಕ್ಕಾವರು ನಮ್ಮ ಅತ್ತಿ ಪಾತ್ರಧಾರಿಗೆ ಖಣದ ಆಯೇರಿ ಮಾಡ್ಯಾರ!”

ಖಣ ಹಸಿರಾಗಿತ್ತು. ನಾನು ಉಡಿ ತುಂಬಿದ ಖಣ. ಸೊಸೆಯ ಹಾಡಿಗೆ ಮಿಸುಕದವರು ಅತ್ತೆಯ ಅಳುವಿಗೆ ನನ್ನ ಖಣವನ್ನೇ ಕೊಟ್ಟು ಬಂದಿದ್ದರು. ಪೆಂಡಾಲು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ನಾನು ತಟ್ಟಿದೆ, ಅಂಗೈ ಉರಿಯುವವರೆಗೆ. ಅವರು ಬಂದು ಕೂತರು. ಮನೆಗೆ ಬಂದು ಕಾಲು ತೊಳೆದು ಮಲಗಿದರು.

ಬೆಳಿಗ್ಗೆ ಜೀಪು ಬಾಗಿಲಿಗೆ ಬಂದು ನಿಂತಿತು. ಎಲ್ಲರೂ ಅವಲಕ್ಕಿ ತಿಂದು ಚಹಾ ಕುಡಿಯುತ್ತಿದ್ದರು. ಅಕ್ಷತಾ ಬಾಗಿಲಲ್ಲಿ ನಿಂತಿದ್ದಳು. ಇನ್ನು ತಡೆಯಲಾರದೆ, ಜೀವನದಲ್ಲಿ ಮೊದಲ ಬಾರಿಗೆ ನಾನೇ ಇನ್ನೊಬ್ಬರ ಅಭಿಪ್ರಾಯ ಕೇಳಿದೆ.

“ನಾಟಕ ಹ್ಯಾಂಗನಿಸ್ತ್ರಿ?”

ತಾರಾಬಾಯಿಯವರು ಬಸಿಯಲ್ಲಿ ಉಳಿದ ಚಹಾ ಕುಡಿದು, ಬಸಿ ಕೆಳಗಿಟ್ಟು, ಸೆರಗಿನಿಂದ ತುಟಿ ಒರೆಸಿಕೊಂಡು, ಅದೇ ಮುಖದಿಂದ ನನ್ನನ್ನು ನೋಡಿದರು.

“ಬರೇ ಹಾಡ್ರಿ” ಎಂದರು.

“ಹೌದ್ರಿ” ಎಂದೆ ನಾನು.

ಅಕ್ಷತಾಳ ಗಲ್ಲ ಸವರಿ ಜೀಪು ಹತ್ತಿದರು. ಜೀಪು ತಿರುವಿನಲ್ಲಿ ಮರೆಯಾದ ಮೇಲೆ ನಮ್ಮ ಮನೆಯವರು ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತು ಕೇಳಿದರು: “ಕನ್ನಡದ ಬರೇನೋ, ಮರಾಠಿ ಬರೇನೋ?”

ನನಗೆ ಗೊತ್ತಿಲ್ಲ. ಮದುವೆ ಇನ್ನೂ ದೂರವಿದೆ, ಅಲ್ಲಿಯವರೆಗೂ ಗೊತ್ತಾಗುವ ಲಕ್ಷಣವಿಲ್ಲ. ಇನ್ನೊಮ್ಮೆ ಹೇಳಿರೆಂದು ಆಗಲೇ ಕೇಳಿದ್ದರೆ ದನಿಯಿಂದಲಾದರೂ ತಿಳಿಯುತ್ತಿತ್ತೋ ಏನೋ. ಮೂರು ಸಲ ಆ ಪೆಂಡಾಲಿನಲ್ಲಿ ಕೂತು ಊರಮಂದಿ ಗಂಟಲು ಹರಿಯುವಂತೆ ‘ವನ್ಸ್ ಮೋರ್’ ಕೂಗುವುದನ್ನು ಕೇಳಿದವಳು ನಾನು. ನನಗೆ ಬೇಕಾದ ಹೊತ್ತಿಗೆ ಅದೊಂದು ಮಾತು ಬಾಯಿಗೆ ಬರಲಿಲ್ಲ.