ಮೈಯಿಲ್ಲದ ಸ್ವಿಚ್ಚಿಗೆ ಆಯುಧ ಪೂಜೆ

ಕಂಪ್ಯೂಟರ್ ಕೆಟ್ಟಾಗ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: "ನಿನ್ನೆಯಿಂದ ಯಾರು ಏನನ್ನು ಮುಟ್ಟಿದ್ದೀರಿ?" ನಾಸಿಕದ ನಮ್ಮ ಕಾರ್ಖಾನೆಯಲ್ಲಿ ಈ ಪ್ರಶ್ನೆಯನ್ನು ವಾಚ್‌ಮನ್‌ನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಕೇಳಿ ಬೆವರಿಳಿಸಿದವನು ನಾನು. ಒಬ್ಬ ಮನುಷ್ಯನನ್ನು ಮಾತ್ರ ಕೇಳಿರಲಿಲ್ಲ. ಅವನ ಮೇಲೆ ನನಗೆ ಅಷ್ಟು ನಂಬಿಕೆ!

ನಾನು ಗದಗ ಕಡೆಯವನು, ಬಡಿಗೇರ. ಕಾರ್ಖಾನೆಯ ಕಂಪ್ಯೂಟರುಗಳ ಯೋಗಕ್ಷೇಮ ನನ್ನದು. ಅಲ್ಲಿ ಒಂದು ದೊಡ್ಡ ಸರ್ವರ್ ಇತ್ತು. ಅದರ ಹೊಟ್ಟೆಯೊಳಗೆ ಗೇಟ್ ಪಾಸಿನದು, ಹಾಜರಿಯದು, ಬಿಲ್ಲಿನದು ಎಂದು ಹಲವು ಕಂಪ್ಯೂಟರುಗಳು ಸಂಸಾರ ಹೂಡಿದ್ದವು. ಅವೆಲ್ಲ ಮಾತಾಡಿಕೊಳ್ಳುವುದು ಒಂದು ವರ್ಚುವಲ್ ಸ್ವಿಚ್ ಮೂಲಕ. ಅದಕ್ಕೆ ಡಬ್ಬಿ ಇಲ್ಲ, ತಂತಿ ಇಲ್ಲ, ಮಿಣಮಿಣ ದೀಪವಿಲ್ಲ. ಇರುವುದು ಪರದೆಯ ಮೇಲೆ ಮಾತ್ರ. ಅದರ ಬಾಗಿಲುಗಳಿಗೆ ಪೋರ್ಟ್ ಎನ್ನುತ್ತಾರೆ. ಬಾಗಿಲು ಮುಚ್ಚಿದರೆ ಮಾತು ಬಂದ್.

ಆ ವರ್ಷ ದಸರೆಯ ಮರುದಿನ ಬೆಳಗ್ಗೆ ಹುಬ್ಬಳ್ಳಿಯಲ್ಲಿ ನನ್ನ ನಾದಿನಿಯ ನಿಶ್ಚಯ. ದಸರೆಯ ಸಂಜೆಯ ಬಸ್ಸಿಗೆ ನನಗೂ ಹೆಂಡತಿ ಶಶಿಕಲಾಗೂ ಸೀಟು ಹಿಡಿದಿದ್ದೆ. ಮ್ಯಾನೇಜರ್ ದೇಶಪಾಂಡೆ ಸಾಹೇಬರು ರಜೆ ಕೊಡುವಾಗ ಒಂದೇ ಷರತ್ತು ಹಾಕಿದ್ದರು: ದಸರೆಯ ಬೆಳಗಿನ ಮುಹೂರ್ತಕ್ಕೆ ಮೊದಲ ಲಾರಿ ಗೇಟು ದಾಟಬೇಕು. "ದಾಟದೆ ಎಲ್ಲಿ ಹೋಗುತ್ತದೆ!" ಎಂದು ನಕ್ಕಿದ್ದೆ.

ನಮ್ಮ ಕಡೆ ಆಯುಧ ಪೂಜೆ ನವಮಿಗೆ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವುದಿಲ್ಲ, ಅವಕ್ಕೆ ವಿಶ್ರಾಂತಿ. ಇಲ್ಲಿಯವರು ದಸರೆಯ ದಿನವೇ ಪೂಜೆ ಮಾಡಿ, ಕೂಡಲೇ ಯಂತ್ರ ಓಡಿಸುತ್ತಾರೆ. ಹಾಗಾಗಿ ನವಮಿಯ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ನನ್ನದೊಂದು ಖಾಸಗಿ ಪೂಜೆ ಇಟ್ಟುಕೊಂಡೆ. ಮಂಗಳಾರತಿ ಮುಗಿಯುವಷ್ಟರಲ್ಲಿ ಶಶಿಕಲಾಳ ಫೋನು.

"ಎಲ್ಲಾದಕ್ಕೂ ಪೂಜಿ ಆತೇನ್ರಿ?"

"ಆತು. ಸರ್ವರಿಗೆ, ಪ್ರಿಂಟರಿಗೆ, ಎಲ್ಲಾದಕ್ಕೂ ಕುಂಕಮ ಹಚ್ಚೇನಿ. ವರ್ಚುವಲ್ ಸ್ವಿಚ್ ಒಂದ ಉಳೀತು."

"ಅದ್ಯಾಕ ಉಳಿಸಿದ್ರಿ?"

"ಅದಕ್ಕ ಮೈನ ಇಲ್ಲ ಮಾರಾಯ್ತಿ! ಎಲ್ಲಿ ಹಚ್ಚಲಿ?"

"ಮೈ ಇಲ್ಲಂದ್ರ ದುಡಿಯೂದಿಲ್ಲೇನು ಅದು? ಹಗಲೂ ರಾತ್ರಿ ದುಡೀತೈತಿ. ಒಂದಿನರ ಮಲಗಸ್ರಿ ಪಾಪ."

ನನ್ನ ಕರುಳು ಚುರ್ ಎಂದಿತು. ಹೌದಲ್ಲ! ಪರದೆ ತೆರೆದೆ. 'ಎಲ್ಲ ಪೋರ್ಟುಗಳನ್ನೂ ಬಂದ್ ಮಾಡು' ಎಂಬ ಸಾಲಿನ ಮುಂದೆ ಒಂದು ಟಿಕ್ ಹಾಕಿ, ಕೈಮುಗಿದು, ಪರದೆಗೆ ಹೂ ಏರಿಸಿ ಮನೆಗೆ ಬಂದೆ. ಅದು ಪೂಜೆ, ಕೆಲಸವಲ್ಲ. ಆದ್ದರಿಂದ ನನ್ನ ತಲೆಯ ಕೆಲಸದ ಕಪಾಟಿನಲ್ಲಿ ಅದು ಸೇರಲೇ ಇಲ್ಲ.

ದಸರೆ ಬೆಳಗಾಯಿತು. ಚೆಂಡುಹೂವಿನ ಮಾಲೆ ತೊಟ್ಟ ಲಾರಿ ಔರಂಗಾಬಾದಿಗೆ (ಆಗ ಛತ್ರಪತಿ ಸಂಭಾಜಿನಗರಕ್ಕೆ ಅದೇ ಹೆಸರು) ಹೊರಟು ಗೇಟಿನಲ್ಲಿ ನಿಂತಿತ್ತು. ಗೇಟ್ ಪಾಸ್ ಬರಲಿಲ್ಲ. ಹಾಜರಿ ಯಂತ್ರವೂ ಮೌನ.

"ಕಾಯ್ ಝಾಲಂ, ಬಡಿಗೇರ?" ಏನಾಯಿತೆಂದು ಕೇಳುತ್ತ ದೇಶಪಾಂಡೆ ಸಾಹೇಬರು ಕೋಣೆಗೇ ಬಂದರು.

"ಪಾಚ್ ಮಿನಿಟ್, ಸಾಹೇಬ್!"

ಸರ್ವರನ್ನು ಆರಿಸಿ ಹಚ್ಚಿದೆ. ಅದು ಮೈಮುರಿದು ಏಳುವಷ್ಟರಲ್ಲಿ ಮುಹೂರ್ತ ಮುಗಿದಿತ್ತು. ಎದ್ದರೂ ಪಾಸಿಲ್ಲ. ಕುಂಕುಮ ಒಳಗೆ ಇಳಿದಿರಬೇಕೆಂದು ಮುಚ್ಚಳ ತೆಗೆದು ಊದಿದೆ. ಇಳಿದಿರಲಿಲ್ಲ, ನನ್ನ ಮೂಗಿಗೆ ಏರಿತು! ಸೀನುತ್ತಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೊದಲ ಪ್ರಶ್ನೆ ಕೇಳಿದೆ. ಯಾರೂ ಏನೂ ಮುಟ್ಟಿರಲಿಲ್ಲ.

ಕೊನೆಗೆ ವರ್ಚುವಲ್ ಸ್ವಿಚ್ಚಿನ ಪರದೆ ತೆರೆದೆ. ಪ್ರತಿಯೊಂದು ಪೋರ್ಟಿನ ಮುಂದೆಯೂ 'ಬಂದ್' ಎಂಬ ಕೆಂಪು ಗುರುತು! ಮೇಲೊಂದು ಟಿಕ್! ಇಂಥ ಕೆಲಸ ತಾನಾಗಿ ಆಗುವುದಲ್ಲ. ತಿಳಿದವನೇ, ಒಳಗೆ ಹೊಕ್ಕು, ಬೇಕೆಂದೇ ಮಾಡಿದ್ದು!

"ಸಾಹೇಬ್, ಹ್ಯಾಕರ್ ನುಗ್ಗಿದ್ದಾನೆ," ಎಂದು ಗಂಭೀರವಾಗಿ ಘೋಷಿಸಿದೆ. ಸಾಹೇಬರ ಮುಖ ಬಿಳುಚಿತು. ಟಿಕ್ ತೆಗೆಯಬಹುದಿತ್ತು. ಆದರೆ ತೆಗೆದರೆ ಸಾಕ್ಷ್ಯ ನಾಶ, ಮೇಲಾಗಿ ಕಳ್ಳನಿಗೆ ಬಾಗಿಲು ತೆರೆದಂತೆ! ಬದಲಿಗೆ ಕೋಣೆಯಲ್ಲಿದ್ದ ತಂತಿಗಳನ್ನೆಲ್ಲ ನಾನೇ ಕಿತ್ತೆ. ಯಾವುದು ಎಲ್ಲಿತ್ತೆಂದು ಗುರುತು ಹಾಕುವಷ್ಟು ವ್ಯವಧಾನ ಯುದ್ಧಕಾಲದಲ್ಲಿ ಯಾರಿಗಿರುತ್ತದೆ? ಮೇಜಿನ ಮೇಲಿನ ಫೋನುಗಳೂ ಸತ್ತವು. ಮೊಬೈಲಿನಿಂದ ಔರಂಗಾಬಾದ್ ಶಾಖೆಯ ಕಾಂಬಳೆಗೆ ಆಜ್ಞೆ ಕೊಟ್ಟೆ: "ಇದ್ದಬದ್ದ ತಂತಿ ಕಿತ್ತುಹಾಕು!" ಅವನು ಆಜ್ಞಾಧಾರಕ. ಈಗ ಎರಡು ಊರು ಬಂದ್!

ಮಧ್ಯಾಹ್ನ ಊಟವೂ ಇಳಿಯಲಿಲ್ಲ. ಗಡಿಯಾರ ನೋಡುವುದು, ಕೋಣೆಯಲ್ಲಿ ಶತಪಥ ಹಾಕುವುದು, ಹ್ಯಾಕರನಿಗೆ ಗದಗದ ಬೈಗುಳ ಬೈಯುವುದು. ಅಷ್ಟರಲ್ಲಿ ಶಶಿಕಲಾಳ ಫೋನು. ಬ್ಯಾಗುಗಳನ್ನು ರಿಕ್ಷಾದಲ್ಲಿ ಹಾಕಿಕೊಂಡು ಕಾರ್ಖಾನೆಗೇ ಬಂದಿದ್ದಳು.

"ಗೇಟಿನ್ಯಾಗ ಬಿಸಲಾಗ ನಿಂತೇನಿ. ಪಾಸ್ ಬರವಲ್ದಂತ, ಒಳಗ ಬಿಡವಲ್ರು. ಬಸ್ಸಿನ ಹೊತ್ತಾತು, ಬರ್ರಿ ಲಗೂನ!"

"ಹೆಂಗ ಬರ್ಲಿ? ಯಾವನೋ ಹಲ್ಕಟ್ ನನ್ನ ಸ್ವಿಚ್ಚಿನ ಪೋರ್ಟ್ ಎಲ್ಲಾ ಬಂದ್ ಮಾಡ್ಯಾನ! ಸಿಗಲಿ ಅಂವ, ಚರ್ಮಾ ಸುಲೀತೀನಿ!"

ಅವಳು ದನಿ ತಗ್ಗಿಸಿದಳು.

"ಅಲ್ರಿ... ನಿನ್ನಿ ಅದನ್ನ ಮಲಗಿಸಿದ್ರೆಲ್ಲಾ, ಇವತ್ತ ಎಬ್ಬಿಸೀರಿಲ್ಲೋ?"

ನಾನು ತಿರುಗಿ ನೋಡಿದೆ. ಪರದೆಯ ಮೇಲೆ ನಿನ್ನೆಯ ಹೂ ಬಾಡಿ ಇನ್ನೂ ಅಂಟಿಕೊಂಡಿತ್ತು. ಬೆಳಗಿನಿಂದ ಅದನ್ನು ಸರಿಸಿ ಸರಿಸಿ ಓದುತ್ತಿದ್ದವನು ನಾನೇ!

ಟಿಕ್ ತೆಗೆದೆ. ಕೆಂಪು ಗುರುತುಗಳೆಲ್ಲ ಹಸಿರಾದವು. ಆದರೆ ಪಾಸು ಬರಲಿಲ್ಲ. ಬರುವುದಾದರೂ ಹೇಗೆ? ಹ್ಯಾಕರನನ್ನು ತಡೆಯಲು ಕಿತ್ತ ತಂತಿಗಳು ನೆಲದ ಮೇಲೆ ಶಾವಿಗೆಯಂತೆ ಬಿದ್ದಿದ್ದವು. ಕೆಡಿಸಿದ್ದು ಒಂದು ಟಿಕ್. ಸರಿಮಾಡಬೇಕಾದದ್ದು ನಾನು ಸರಿಮಾಡಿದ್ದನ್ನು!

ಗೇಟಿಗೆ ಓಡಿದೆ. ಶಶಿಕಲಾ ರಿಕ್ಷಾ ಹತ್ತಿಯಾಗಿತ್ತು.

"ಖಾಸಾ ತಂಗಿ ನಿಶ್ಚಯರಿ. ಹಿರೇ ಅಳಿಯ ಎಲ್ಲಿ ಅಂತ ಕೇಳಿದ್ರ ಏನ್ ಹೇಳ್ಲಿ?" ಕಣ್ಣು ತುಂಬಿತ್ತು. ನಾನು ನಾಚಿಕೆಯಿಂದ ನೆಲ ನೋಡಿದೆ. "ತಾಂತ್ರಿಕ ಕಾರಣ ಅಂತ ಹೇಳು," ಎಂದೆ. ಅವಳು ನನ್ನ ಕೈಗೆ ದಸರೆಯ ಬಂಗಾರವೆಂದು ನಾಲ್ಕು ಬನ್ನಿ ಎಲೆ ತುರುಕಿದಳು.

"ಬಂಗಾರ ತೊಗೊಂಡು ಬಂಗಾರದಂಗ ಇರ್ರಿ. ನಾ ಬರೂತನಕ ಮನ್ಯಾಗ ಏನೂ ಮಲಗಸಬ್ಯಾಡ್ರಿ."

ಲಾರಿ ಗೇಟು ದಾಟಿದ್ದು ಸಂಜೆ, ಮಾಲೆ ಬಾಡಿದ ಮೇಲೆ. ಸಾಹೇಬರು ಹ್ಯಾಕರನ ಗತಿ ಏನಾಯಿತೆಂದು ಕೇಳಿದರು. ಅವನು ಇನ್ನೆಂದೂ ಈ ಕಡೆ ತಲೆಹಾಕುವುದಿಲ್ಲ, ಕಾರಣ ತಾಂತ್ರಿಕ ಎಂದೆ. ಅವರು ನನ್ನ ಮೂಗಿನ ಕುಂಕುಮವನ್ನೂ ಪರದೆಯ ಮೇಲಿನ ಹೂವನ್ನೂ ನೋಡಿ ಹೊರಟುಹೋದರು.

ದಣಿದು ಮನೆಗೆ ಬಂದರೆ ಬಾಗಿಲಿಗೆ ಬೀಗ. ಜೇಬು ತಡಕಿದೆ. ಬನ್ನಿ ಎಲೆ ಬಿಟ್ಟು ಬೇರೇನೂ ಇಲ್ಲ. ಫೋನು ಹಚ್ಚಿದೆ.

"ಕೀಲಿ ಎಲ್ಲಿ ಇಟ್ಟೀ?"

"ನನ್ನ ಪರ್ಸಿನ್ಯಾಗ. ಇಬ್ಬರೂ ಕೂಡಿ ಹೋಗೂದಿತ್ತಲ್ಲರಿ! ಬಸ್ ನಾಸಿಕ ಬಿಟ್ಟು ಸಿನ್ನರ್ ದಾಟೇತಿ." ಆಮೇಲೆ, ಆ ದಿನ ಮೊದಲ ಬಾರಿಗೆ, ಅವಳು ಕಿಸಕ್ಕನೆ ನಕ್ಕಳು. "ಊರಮಂದೀನೆಲ್ಲಾ ಬಂದ್ ಮಾಡಿದ್ರಿ. ಈಗ ನಿಮ್ಮ ಪಾಳಿ, ಕೂಡ್ರಿ!"

ಮೆಟ್ಟಿಲ ಮೇಲೆ ಕೂತೆ. ಎದುರು ಮನೆಯ ಶಿಂದೆ ಕಾಕೂ ದಸರೆಯ ಎಲೆ ಕೊಡಲು ಬಂದವರು, "ಬಾಹೇರ್ ಕಾ ಬಸಲಾತ್?" ಎಂದು ಕೇಳಿದರು, ಹೊರಗೇಕೆ ಕೂತಿದ್ದೀರಿ ಎಂದು.

"ತಾಂತ್ರಿಕ ಕಾರಣ, ಕಾಕೂ," ಎಂದೆ.