ಬೂದಿ ಸಿಮೆಂಟಿನ ಗೋಡೆ

ಕೆಟ್ಟ ಕೆಲಸ ಮಾಡುವವರು ಸಾಮಾನ್ಯವಾಗಿ ಶಾಂತವಾಗಿಯೇ ಇರುತ್ತಾರೆ ಎಂಬುದು ನನ್ನ ಅನುಭವ. ತೋಡಿನ ನೀರಿಗೆ ಕಸ ಸುರಿಯುವವರು ನಗುನಗುತ್ತಲೇ ಸುರಿದು ಹೋಗುತ್ತಾರೆ. ಲೋಕಕ್ಕೆ ಒಂದಿಷ್ಟು ಒಳ್ಳೆಯದು ಮಾಡೋಣವೆಂದು ಹೊರಟವರಿಗೇ ರಕ್ತ ಕುದಿಯುವುದು, ಊಟ ಸೇರದಿರುವುದು, ಮನೆಮಂದಿಯ ಮೇಲೆ ಹರಿಹಾಯುವುದು. ಹೋದ ಬೇಸಿಗೆಯಲ್ಲಿ ನಾನೊಂದು ಗೋಡೆ ಕಟ್ಟಿಸಿದೆ. ಅಂದಿನಿಂದ ನಮ್ಮೂರು ಗಾಳಿಬೀಡಿನ ನಾಯಿಗಳೂ ನನ್ನನ್ನು ಕಂಡರೆ ದಾರಿ ಬಿಡುತ್ತವೆ.

ಮನೆ ಕಟ್ಟಲು ಗುಡ್ಡ ಕಡಿದಾಗ ಹಿಂದೆ ಉಳಿಯುವ ಕಡಿದಾದ ಮಣ್ಣಿಗೆ ನಮ್ಮಲ್ಲಿ ಬರೆ ಎನ್ನುತ್ತಾರೆ. ಗೋಡೆಗೂ ಹಿಂದಿನ ಮಳೆಗಾಲದಲ್ಲಿ ನಮ್ಮ ಬರೆ ಜಾರಿ ಅಡುಗೆಮನೆಯ ಕಿಟಕಿಯವರೆಗೆ ಬಂದು ನಿಂತಿತು. ಬಟ್ಟೆ ಒಗೆಯುವ ಕಲ್ಲು ಇವತ್ತಿಗೂ ಆ ಮಣ್ಣಿನಡಿಯಲ್ಲೇ ಇದೆ. ಮುಂದಿನ ಮಳೆಯೊಳಗೆ ತಡೆಗೋಡೆ ಏಳಲೇಬೇಕಿತ್ತು, ಇಲ್ಲವಾದರೆ ಕಲ್ಲಿನ ಹಿಂದೆಯೇ ಒಲೆಯೂ ಹೋಗುತ್ತಿತ್ತು, ಒಲೆಯ ಮುಂದೆ ನಿಂತವಳೂ ಹೋಗುತ್ತಿದ್ದಳು.

ಇಲ್ಲಿ ನನ್ನ ವೃತ್ತಿ ಅಡ್ಡ ಬಂತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಸಿಮೆಂಟ್ ಮಾಡಲು ಸುಣ್ಣದ ಕಲ್ಲನ್ನು ಸುಡುತ್ತಾರೆ, ಉರಿಸುವ ಕಲ್ಲಿದ್ದಲಿನಿಂದಷ್ಟೇ ಅಲ್ಲ, ಆ ಕಲ್ಲಿನ ಒಡಲಿನಿಂದಲೂ ಇಂಗಾಲದ ಅನಿಲ ಹೊರಡುತ್ತದೆ, ಅದರಿಂದ ಭೂಮಿ ಕಾದು ಮಳೆ ಹದ ತಪ್ಪುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಒರೆಸಿದವಳು. ಹದ ತಪ್ಪಿದ ಮಳೆಗೆ ಬರೆ ಜಾರುತ್ತದೆ. ಜಾರಿದ ಬರೆಗೆ ಮತ್ತಷ್ಟು ಸಿಮೆಂಟು! ಇದನ್ನು ನೆನೆದಾಗಲೆಲ್ಲ ಯಾರಿಗಾದರೂ ಬಾರಿಸಬೇಕು ಎನಿಸುತ್ತದೆ, ಯಾರಿಗೆಂದು ಮಾತ್ರ ತಿಳಿಯುವುದಿಲ್ಲ. ಸುಟ್ಟ ಕಲ್ಲಿನ ಪಾಲು ತಗ್ಗಿಸಿ, ಉಕ್ಕಿನ ಕಾರ್ಖಾನೆಯ ಕಿಟ್ಟವನ್ನೂ ಕಲ್ಲಿದ್ದಲು ಉರಿಸಿದ ಹಾರುಬೂದಿಯನ್ನೂ ಹೆಚ್ಚಾಗಿ ಬೆರೆಸಿದ ಹೊಸ ಸಿಮೆಂಟು ಮಡಿಕೇರಿಯ ಅಂಗಡಿಗೆ ಬಂದಿದೆ ಎಂದು ಗೊತ್ತಾದದ್ದೇ, ಅದೇ ಬೇಕೆಂದು ಹಟ ಹಿಡಿದೆ.

"ಪ್ರಪಂಚದ ಬಿಸಿ ಇಳಿಸೋಕೆ ನಮ್ ಅಡುಗೆಮನೆ ಹಿಂದಿನ ಗೋಡೆನೇ ಆಗ್ಬೇಕಿತ್ತೇನೇ?" ಎಂದರು ನಮ್ಮ ಯಜಮಾನರು. ಶನಿವಾರಸಂತೆ ಕಡೆಯವರು, ನನ್ನನ್ನು ಎದುರು ಹಾಕಿಕೊಳ್ಳುವ ಧೈರ್ಯ ಅಷ್ಟಕ್ಕೇ ಮುಗಿಯುತ್ತದೆ.

ಮೇಸ್ತ್ರಿ ರಾಜನ್ ಕೇರಳದ ಗಡಿಯ ಕುಟ್ಟದವರು. ಮೂಟೆ ಬಿಚ್ಚಿ, ಬೆರಳಲ್ಲಿ ಉಜ್ಜಿ ನೋಡಿ, "ಇದು ಸಿಮೆಂಟಲ್ಲ ಟೀಚರೇ, ಬೂದಿ. ಪಾತ್ರೆ ತಿಕ್ಕಲಿಕ್ಕೆ ಒಳ್ಳೇದು" ಎಂದರು. ಆ ಮಾತು ಬೇಲಿ ದಾಟಿ ಪಕ್ಕದ ಮನೆಯ ಕಾವೇರಮ್ಮನ ಕಿವಿಗೆ ಬಿತ್ತು. ಮರುದಿನದಿಂದ ನಾನು ಊರಿಗೆಲ್ಲ ಬೂದಿ ಟೀಚರ್ ಆದೆ. ತುಳಸಿಕಟ್ಟೆಯಿಂದ ಗೇಟಿನವರೆಗೆ ಒಂದು ಗರಿಕೆಗೂ ಜಾಗವಿಲ್ಲದಂತೆ ಅಂಗಳಕ್ಕೆ ಕಾಂಕ್ರೀಟ್ ಬಳಿದುಕೊಂಡವರೆಲ್ಲ ನನ್ನನ್ನು ನೋಡಿ ನಗುವುದೆಂದರೇನು! ಸಿಟ್ಟಿಗೆ ಆ ವಾರವಿಡೀ ಒಂಬತ್ತನೇ ತರಗತಿಯವರಿಗೆ ಕಿರುಪರೀಕ್ಷೆ ಕೊಟ್ಟೆ.

ಅಂತೂ ಗೋಡೆ ಎದ್ದಿತು. ಮಂಜು, ತಣ್ಣನೆಯ ಗಾಳಿ ಎರಡೂ ಇದ್ದುದರಿಂದ ಹಸಿ ಕಾಂಕ್ರೀಟನ್ನು ಹಿಡಿದಿಡುವ ಸೆಂಟ್ರಿಂಗ್ ಹಲಗೆಗಳನ್ನು ಇನ್ನಷ್ಟು ದಿನ ಹಾಗೇ ಬಿಡಿ ಎಂದು ನಾನು ಹೇಳಿಯೇ ಶಾಲೆಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಹಲಗೆಗಳೇ ಇಲ್ಲ, ಗೋಡೆಯ ಒಂದು ಮೂಲೆ ರವೆಯಂತೆ ಉದುರಿ ಬಿದ್ದಿದೆ.

"ಯಾರ್ರೀ ಬಿಚ್ಚಿದ್ದು?"

"ಕುಟ್ಟದಲ್ಲಿ ಬೇರೆ ಕೆಲಸ ಉಂಟಲ್ಲ ಟೀಚರೇ, ಹಲಗೆ ಅಲ್ಲಿಗೆ ಹೋಯ್ತು. ಮಾಮೂಲಿ ಸಿಮೆಂಟಾದ್ರೆ ಇಷ್ಟೊತ್ತಿಗೆ ಕಲ್ಲಾಗ್ತಿತ್ತು. ನಾನು ಆವತ್ತೇ ಹೇಳ್ಲಿಲ್ವಾ, ಬೂದಿ ಅಂತ?"

ನಾನು ಏನೇನು ಅಂದೆನೋ ನೆನಪಿಲ್ಲ. ಕಾವೇರಮ್ಮನ ಮನೆಯ ಟೀವಿಯ ಸದ್ದು ಮಾತ್ರ ತಟ್ಟನೆ ನಿಂತಿತು, ನನ್ನ ಮಾತು ಸರಿಯಾಗಿ ಕೇಳಲೆಂದು. ಅಂಗಡಿಗೆ ಫೋನು ಮಾಡಿ, ಕಂಪನಿಯವರು ಬರದಿದ್ದರೆ ಗೋಡೆಯನ್ನೇ ಹೊತ್ತು ತಂದು ನಿಮ್ಮ ಬಾಗಿಲಿಗೆ ಇಡುತ್ತೇನೆ ಎಂದೆ.

ಎರಡು ದಿನ ಬಿಟ್ಟು ಕಂಪನಿಯ ಅಧಿಕಾರಿ ಬಂದರು. ಎಳೆಯ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಬಾಡಿಗೆಯ ದೊಡ್ಡ ಕಾರು. "ಮೇಡಂ, ನಿಮ್ಮಂಥವರಿಂದಲೇ ಪರಿಸರ ಉಳೀಬೇಕು" ಎಂದು ಕೈಮುಗಿದು, ಇಂಗಾಲದ ಅನಿಲದ ಬಗ್ಗೆ ನನಗೇ ಪಾಠ ಶುರು ಮಾಡಿದರು. ಹಿಂದೆ ಕಾರು ಮಾತ್ರ ಬುಸುಬುಸು ಹೊಗೆ ಬಿಡುತ್ತ ನಿಂತೇ ಇತ್ತು, ಒಳಗೆ ಡ್ರೈವರು ಎಸಿ ಹಾಕಿಕೊಂಡು ಕೂತಿದ್ದ. ಗಾಳಿಬೀಡಿನಲ್ಲಿ ಎಸಿ! ಇಲ್ಲಿ ನಾವು ಮೇ ತಿಂಗಳಲ್ಲೂ ಸ್ವೆಟರ್ ಒಳಗಿಡುವುದಿಲ್ಲ.

"ಮೊದ್ಲು ಆ ಇಂಜಿನ್ ಆಫ್ ಮಾಡ್ಸಿ!" ಎಂದು ಕಿರುಚಿದೆ.

"ಮೇಡಂ, ಆಫ್ ಮಾಡಿದ್ರೆ ಮತ್ತೆ..." ಎಂದು ಡ್ರೈವರು ಏನೋ ಹೇಳಬಂದ.

"ಆಫ್ ಅಂದ್ರೆ ಆಫ್!"

ಆಫ್ ಆಯಿತು. ಅಧಿಕಾರಿ ಬೆವರೊರೆಸಿಕೊಂಡು ಮೊಳೆಯಿಂದ ಗೋಡೆಯನ್ನು ಕೆರೆದು ನೋಡಿದರು. ಉಳಿದ ಗೋಡೆಗೆ ಏನೂ ಆಗಿಲ್ಲ, ಮೂಲೆ ಮಾತ್ರ ಗಟ್ಟಿಯಾಗುವ ಮೊದಲೇ ಹಲಗೆ ಕಳೆದುಕೊಂಡಿದೆ, ಅಷ್ಟನ್ನು ಕೆಡವಿ ಮತ್ತೆ ಹಾಕಿ ಒದ್ದೆ ಗೋಣಿ ಹೊದೆಸಿದರೆ ಸಾಕು ಎಂದರು. "ಚಳಿ ಜಾಗದಲ್ಲಿ ಇದು ಗಟ್ಟಿಯಾಗೋದು ನಿಧಾನ ಮೇಡಂ."

"ಅದನ್ನ ಮೇಸ್ತ್ರಿಗಳಿಗೆ ಮೊದಲೇ ಹೇಳೋಕೇನಾಗಿತ್ತು?"

ಅವರು ಸುತ್ತ ನೋಡಿ, ದನಿ ತಗ್ಗಿಸಿ, "ನಿಧಾನ ಅಂದ್ರೆ ಯಾರೂ ತಗೊಳ್ಳಲ್ಲ ಮೇಡಂ" ಎಂದರು.

ನನಗೆ ಅಲ್ಲಿಯವರೆಗೆ ಬಂದದ್ದೆಲ್ಲ ಸಿಟ್ಟೇ ಅಲ್ಲ ಎನಿಸಿತು. ಅಷ್ಟು ಹೊತ್ತೂ ಗೋಡೆಯ ಬಳಿಯಿದ್ದ ರಾಜನ್ ಕೂಡ ನನ್ನ ಪಕ್ಕಕ್ಕೆ ಬಂದು ನಿಂತು, "ಹೇಳಿದ್ರೆ ನಾನು ಹಲಗೆ ಬಿಚ್ತಿದ್ನಾ ಸಾರ್? ಊರೆಲ್ಲ ನನ್ನ ಹೆಸರು ಹಾಳಾಯ್ತು" ಎಂದು ಗುಡುಗಿದರು. ನಾನು ಹೇಳಿದ್ದು ಅವರ ಲೆಕ್ಕಕ್ಕಿರಲಿಲ್ಲ, ಆದರೂ ಮೊದಲ ಬಾರಿಗೆ ನಾವಿಬ್ಬರೂ ಒಂದೇ ಕಡೆಯಿಂದ ಬೈದೆವು. ಅಧಿಕಾರಿ ಸೋತು, ಹಲಗೆಗಳನ್ನು ಈಗಲೇ ಕುಟ್ಟದಿಂದ ತಂದುಕೊಡುತ್ತೇನೆಂದು ರಾಜನ್ ಅವರನ್ನು ಕರೆದುಕೊಂಡು ಕಾರು ಹತ್ತಿದರು.

ಕಾರು ಹೊರಡಲಿಲ್ಲ. ಡ್ರೈವರು ಆಗಲೇ ಹೇಳಬಂದದ್ದು ಅದನ್ನೇ: ಬ್ಯಾಟರಿ ಹೋಗಿದೆ, ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ನಾನು ಸೆರಗು ಸಿಕ್ಕಿಸಿ, ಯಜಮಾನರು ಪಂಚೆ ಎತ್ತಿ ಕಟ್ಟಿ, ಎಲ್ಲರೂ ಸೇರಿ ನೂಕಿದೆವು. ಏರಿನಲ್ಲಿ ಅದು ನಮ್ಮನ್ನೇ ಹಿಂದಕ್ಕೆ ನೂಕಿತು. ಕೊನೆಗೆ ಮಡಿಕೇರಿಯಿಂದ ಹಳೆಯ ಜೀಪೊಂದು ಬಂತು. ಅದು ಬಿಟ್ಟ ಕರಿ ಹೊಗೆಯಲ್ಲಿ ನಮ್ಮ ಮನೆಯೇ ಕಾಣಲಿಲ್ಲ. ಜೀಪು ಕಾರನ್ನೆಳೆಯಿತು, ಕಾರು ಕುಟ್ಟಕ್ಕೆ ಹೋಯಿತು, ಹಲಗೆಗಳು ಬೇರೊಂದು ಪಿಕಪ್‌ನಲ್ಲಿ ಬಂದವು. "ಇಂಥ ಇನ್ನೊಂದ್ ಗೋಡೆ ಕಟ್ಟಿದ್ರೆ ಗಾಳಿಬೀಡಲ್ಲಿ ಗಾಳಿನೇ ಉಳಿಯಲ್ಲ ಕಣೇ" ಎಂದರು ಯಜಮಾನರು.

ಮಳೆ ಬಂತು. ಬರೆಯ ಮಣ್ಣು ಒತ್ತಿತು, ಗೋಡೆ ಒಂದಿಷ್ಟೂ ಅಲುಗಲಿಲ್ಲ. ಮಳೆ ಕಳೆದ ಮೇಲೆ ಕಾವೇರಮ್ಮನೇ ಬಂದು ಗೋಡೆ ತಟ್ಟಿ ನೋಡಿದರು. ಅವರೂ ಹಿತ್ತಲಿಗೆ ಗೋಡೆ ಕಟ್ಟಿಸುವವರಿದ್ದರು. ನಾನು ಏನನ್ನೂ ಮುಚ್ಚಿಡದೆ, ನಿಧಾನ ಎಂಬುದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ತಲೆದೂಗುತ್ತ ಕೇಳಿದರು. ಮುಂದಿನ ವಾರ ಅವರ ಅಂಗಳಕ್ಕೆ ಇಳಿದದ್ದು ಮಾಮೂಲಿ ಸಿಮೆಂಟು!

ಬೇಲಿಯ ಹತ್ತಿರ ಹೋಗಿ, "ಯಾಕೆ ಕಾವೇರಮ್ಮ, ನಮ್ಮ ಗೋಡೆ ಗಟ್ಟಿ ಇಲ್ವಾ?" ಎಂದೆ.

"ಗೋಡೆ ಬಂಡೆ ಹಾಗೆ ಉಂಟು ಟೀಚರ್. ಸಿಮೆಂಟು ನಿಧಾನ ಆದ್ರೂ ಪರವಾಗಿಲ್ಲ. ಆದ್ರೆ ಅದನ್ನ ತಂದ್ರೆ ನಿಮ್ಮ ಹಾಗೆ ದಿನಾ ಎಲ್ಲರ ಹತ್ರ ಜಗಳ ಆಡ್ಬೇಕಲ್ಲ? ನಂಗೆ ಬಿಪಿ ಉಂಟು" ಎಂದರು ಕಾವೇರಮ್ಮ.