ಜೇಬಿನಲ್ಲಿ ಲಿಂಬೆ ಎಲೆ

ಕೆಲಸವನ್ನು ಗೇಟಿನಲ್ಲೇ ಬಿಟ್ಟು ಮನೆಗೆ ಬರಬೇಕು ಎಂದು ತಿಳಿದವರು ಹೇಳುತ್ತಾರೆ. ನನಗದು ಎಂದೂ ಸಾಧ್ಯವಾಗಲಿಲ್ಲ. ಆಗ ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ನನ್ನದು ಕಾಗದ ಪರೀಕ್ಷಿಸುವ ನೌಕರಿ. ಮಷೀನಿನಿಂದ ಸುರುಳಿ ಇಳಿದೊಡನೆ ಒಂದು ತುಂಡು ಕತ್ತರಿಸಿ ತಂದು, ಮಡಿಸಿ, ಎಳೆದು, ಹರಿದು ನೋಡುವುದು. ಕಾಗದ ಗಟ್ಟಿಯೋ ಅಲ್ಲವೋ ತಿಳಿಯಬೇಕಾದರೆ ಹರಿಯಲೇಬೇಕು. ಹರಿಯದೆ ಉಳಿದ ಕಾಗದದ ಬಗ್ಗೆ ನಾವು ಏನೂ ಹೇಳಲಾರೆವು. ವರ್ಷಗಟ್ಟಲೆ ಇದನ್ನೇ ಮಾಡಿದ ಕೈ ಮನೆಗೆ ಬಂದರೆ ಸುಮ್ಮನಿರುತ್ತದೆಯೇ? ಒಮ್ಮೆ ಹಳಿಯಾಳದ ಅಂಗಡಿಯಲ್ಲಿ ನನ್ನ ಹೆಂಡತಿ ಶಾಂತಾ ಸೀರೆ ನೋಡುತ್ತಿದ್ದಾಗ, ನಾನು ಒಂದು ಸೀರೆಯ ಅಂಚಿನಿಂದ ನೂಲೆಳೆದು ಗಟ್ಟಿತನ ಪರೀಕ್ಷಿಸಿದೆ. ನೂಲು ಪಾಸಾಯಿತು. ಆದರೆ ಅಂಗಡಿಯವನು ಆ ಸೀರೆಯನ್ನೇ ನಮಗೆ ಕಟ್ಟಿಕೊಟ್ಟ. ಅದರ ಬಣ್ಣ ಅವಳಿಗೆ ಇವತ್ತಿಗೂ ಸೇರುವುದಿಲ್ಲ.

ನಮ್ಮ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಒಂದು ಲಿಂಬೆ ಗಿಡವಿತ್ತು. ಧಾರವಾಡದ ಮಾವನವರು ಮದುವೆಯಾದ ಹೊಸದರಲ್ಲಿ ಮಗಳ ಜೊತೆ ಕೊಟ್ಟು ಕಳಿಸಿದ ಸಸಿ. ಅವರು ನಮ್ಮಲ್ಲಿಗೆ ಬಂದರೆ ಕೈಕಾಲು ತೊಳೆಯುವ ನೆಪದಲ್ಲಿ ಮೊದಲು ಹಿತ್ತಿಲಿಗೆ ಹೋಗುತ್ತಿದ್ದರು. ಗಿಡವನ್ನು ಒಂದು ಸುತ್ತು ಹಾಕಿ ನೋಡಿ, ಆಮೇಲೆ ಮಗಳ ಮುಖ ನೋಡುತ್ತಿದ್ದರು. ಮಗಳನ್ನು ಹೇಗೆ ಇಟ್ಟುಕೊಂಡಿದ್ದೀರಿ ಎಂದು ಅಳಿಯನನ್ನು ಬಾಯಿಬಿಟ್ಟು ಕೇಳಲಾಗುವುದಿಲ್ಲವಲ್ಲ, ಅದನ್ನು ಗಿಡದಿಂದಲೇ ತಿಳಿದುಕೊಳ್ಳುತ್ತಿದ್ದರೆಂದು ನನ್ನ ಗುಮಾನಿ. ಹೀಗಿರುವಾಗ ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗಿಡದ ಎಲೆಗಳು ಮುದುಡತೊಡಗಿದವು. ಕೆಲವು ಹಳದಿಯಾದವು, ಕೆಲವುಗಳ ಮೇಲೆ ಬಿಳಿಯ ಅಂಕುಡೊಂಕು ಗೆರೆಗಳು ಮೂಡಿದವು. ಮಾವನವರು ದೀಪಾವಳಿಗೆ ಬರುವವರಿದ್ದರು. ನನಗೆ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ನನ್ನ ಕೈಗೆ ಗೊತ್ತಿದ್ದುದು ಒಂದೇ ದಾರಿ. ಒಂದು ಎಲೆ ಕಿತ್ತೆ, ಜೇಬಿಗೆ ಹಾಕಿಕೊಂಡೆ. ಜೊತೆಗೆ ಕೆಲಸ ಮಾಡುವ ಕುಲಕರ್ಣಿ ಅದನ್ನು ದೀಪಕ್ಕೆ ಹಿಡಿದು ನೋಡಿ, "ಕಬ್ಬಿಣ ಕಡಿಮಿ ಆಗೇತಿ. ಬುಡಕ್ಕ ಜಂಗ ಹಿಡಿದ ಮೊಳಿ ಹುಗೀರಿ" ಎಂದ. ಮನೆಯ ತುಕ್ಕು ಹಿಡಿದ ಹಳೆಯ ಮೊಳೆಗಳೆಲ್ಲ ಮಣ್ಣು ಸೇರಿದವು. ಪಕ್ಕದ ಮನೆಯ ನಿಂಗವ್ವ ಕಾಕುಗೆ ಇನ್ನೊಂದು ಎಲೆ ಕಿತ್ತು ತೋರಿಸಿದೆ. ಅವರು ಎಲೆಯನ್ನು ಮುಟ್ಟಲೂ ಇಲ್ಲ. "ದೃಷ್ಟಿ ಆಗೇತಪ್ಪಾ, ಒಂದು ಲಿಂಬಿಕಾಯಿ ಕಟ್ಟು" ಎಂದರು. ಗಿಡದಲ್ಲಿ ಕಾಯಿ ಇರಲಿಲ್ಲ. ಸಂತೆಯಿಂದ ಲಿಂಬೆಕಾಯಿ ತಂದು ಲಿಂಬೆ ಗಿಡಕ್ಕೆ ಕಟ್ಟಿದೆ. ಓಣಿಯವರು ಹಣಿಕಿ ಹಾಕಿ ನೋಡಿ ನಕ್ಕರು.

ಆಮೇಲೆ ಬಸ್ಸು ಹತ್ತಿ ಹಳಿಯಾಳಕ್ಕೆ ಹೋದೆ. ಅಲ್ಲಿ ಬೀಜ, ಬೆಳೆಯ ಔಷಧ ಮಾರುವ ಅಂಗಡಿಯವನು ನನ್ನ ಎಲೆಯನ್ನು ತಿರುಗಿಸಿ ನೋಡಿ, "ಇದು ಬಾಡಿ ಹೋಗೇತ್ರಿ. ತಾಜಾ ಎಲಿ ತರ್ರಿ" ಎಂದ. ಮರುವಾರ ಒಂದು ಟೊಂಗೆಯನ್ನೇ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಈ ಸಲ ಆತ ತಡಮಾಡಲಿಲ್ಲ. "ರಂಗೋಲಿ ಹುಳ ರೀ. ಎಲಿ ಒಳಗ ಹೊಕ್ಕು ಕೊರಕೊಂತ ಹೋಗತೈತಿ. ಬೇವಿನ ಎಣ್ಣಿ ಸಾಬೂನಿನ ನೀರಾಗ ಕಲಸಿ ಸಂಜೀ ಮುಂದ ಹೊಡೀರಿ, ಸುಮ್ಮನ ಕೂಡ್ರಿ."

ಎಣ್ಣೆ ತಂದೆ. ಸುಮ್ಮನೆ ಕೂಡುವುದು ಮಾತ್ರ ಆಗಲಿಲ್ಲ. ನಮ್ಮ ಕೆಲಸದಲ್ಲಿ ಒಂದೇ ಸ್ಯಾಂಪಲ್ ನೋಡಿ ತೀರ್ಮಾನ ಹೇಳುವ ಪದ್ಧತಿ ಇಲ್ಲ. ಎಣ್ಣೆಯ ಬಾಟಲಿಯನ್ನು ಗೋಡೆಯ ಮಾಡದಲ್ಲಿಟ್ಟು, ಇನ್ನೊಬ್ಬರ ಅಭಿಪ್ರಾಯಕ್ಕಾಗಿ ಇನ್ನಷ್ಟು ಎಲೆ ಕಿತ್ತೆ. ಮುಂಡಗೋಡಿನಲ್ಲಿ ಗೋವಿನಜೋಳ ಬೆಳೆಯುವ ಬೀಗರಿದ್ದ ಸಹೋದ್ಯೋಗಿಯೊಬ್ಬರ ಕೈಯಲ್ಲಿ ಒಂದನ್ನು ಅಲ್ಲಿಗೆ ಕಳಿಸಿದೆ. ಅಲ್ಲಿ ಬಲ್ಲವರಿಗೆ ತೋರಿಸಿ ಕೇಳು ಎಂದು ಜೋಯಿಡಾ ಕಡೆಯ ಬಸ್ಸಿನ ಕಂಡಕ್ಟರನಿಗೂ ಕೊಟ್ಟೆ. ಸೂಪಾ ಡ್ಯಾಮಿನ ಆಚೆ ನಾನೇ ಎಂದೂ ಹೋದವನಲ್ಲ, ನನ್ನ ಲಿಂಬೆ ಎಲೆ ಹೋಗಿಬಂತು. ಕಾರ್ಖಾನೆಯ ಭೋಂಗಾ ಕೂಗಿ ಶಿಫ್ಟ್ ಬಿಟ್ಟರೆ ಸಾಕು, ಚಹಾ ಕುಡಿಯುವ ಮೊದಲೇ ಹಿತ್ತಿಲಿಗೆ ಓಡುತ್ತಿದ್ದೆ. ದಿನದಿನಕ್ಕೆ ಗಿಡ ಬೋಳಾಗುತ್ತಿತ್ತು. ರೋಗ ಎಷ್ಟು ಜೋರಾಗಿದೆ ನೋಡು ಎಂದು ಶಾಂತಾಳ ಎದುರು ಗಾಬರಿಪಡುತ್ತಿದ್ದೆ.

ಅವಳು ಉತ್ತರ ಕೊಟ್ಟದ್ದು ಒಂದು ರವಿವಾರ, ಬಟ್ಟೆ ಒಗೆಯುವಾಗ. ನನ್ನ ಅಂಗಿಗಳ ಜೇಬು, ರೇನ್‌ಕೋಟಿನ ಜೇಬು, ಬುತ್ತಿಯ ಚೀಲ ಎಲ್ಲ ಜಾಡಿಸಿ, ಸಿಕ್ಕ ಎಲೆಗಳನ್ನು ಮೊರದಲ್ಲಿ ಹರವಿ ನನ್ನೆದುರು ಇಟ್ಟಳು.

"ನೋಡ್ರಿ. ಗಿಡದಾಗ ಇರೂದಕ್ಕಿಂತ ಮೊರದಾಗ ಹೆಚ್ಚ ಅದಾವ."

"ರೋಗ ಯಾವುದಂತ ಗೊತ್ತಾಗಬ್ಯಾಡೇನು?"

"ಗೊತ್ತಾತು. ಹುಳ ಎಲಿಯೊಳಗ ಒಂದ ಗೆರಿ ಕೊರೀತು, ನೀವು ಎಲಿನ ಕಿತ್ತಿರಿ. ಎರಡರಾಗ ಯಾವ ರೋಗ ದೊಡ್ಡದು, ನೀವ ಹೇಳ್ರಿ. ನಾಳೆ ಹಬ್ಬಕ್ಕ ಅಪ್ಪ ಬಂದ್ರ ನಾ ಏನಂತ ತೋರಸ್ಲಿ? ಈ ಮೊರಾನ?"

ಅವಳ ದನಿ ಸಣ್ಣಗೆ ನಡುಗಿತ್ತು. ತವರಿನಿಂದ ಬಂದ ಗಿಡ ಬೋಳಾದರೆ ಸಂಕಟ ಅವಳಿಗೂ ಇರುತ್ತದೆ ಎಂಬುದು ಇಷ್ಟು ದಿನ ನನ್ನ ಯಾವ ಪರೀಕ್ಷೆಯಲ್ಲೂ ತಿಳಿದಿರಲಿಲ್ಲ.

ಅಂದೇ ಹಿತ್ತಿಲ ಬಾಗಿಲಿಗೆ ಬೀಗ ಬಿತ್ತು, ಕೀಲಿ ಅವಳ ಸೊಂಟ ಸೇರಿತು. ಬೇವಿನ ಎಣ್ಣೆಯನ್ನು ಅವಳೇ ಹೊಡೆದಳು. ನಾನು ಅಡುಗೆಮನೆಯ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದೆ. ಕೈಗೆ ಕೆಲಸವಿಲ್ಲದೆ ಕ್ಯಾಲೆಂಡರಿನ ಮೂಲೆ ಹರಿದೆ, ಅದಕ್ಕೂ ಬೈಸಿಕೊಂಡೆ. ಹೀಗೆ ಚಡಪಡಿಸುತ್ತಿರುವಾಗಲೇ ಒಂದು ಬೆಳಗ್ಗೆ ಟೊಂಗೆಗಳ ತುದಿಯಲ್ಲಿ ಚಿಗುರು ಕಂಡಿತು. ದೀಪಾವಳಿಯ ಹೊತ್ತಿಗೆ ಗಿಡ ತುಂಬ ಎಳೆ ಹಸಿರು.

ಮಾವನವರು ಬಂದರು. ಎಂದಿನಂತೆ ಹಿತ್ತಿಲಿಗೆ ಹೋಗಿ ಸುತ್ತು ಹಾಕಿದರು. ನಾನೂ ಶಾಂತಾಳೂ ಹಿಂದೆ ನಿಂತಿದ್ದೆವು.

"ಶಾಂತವ್ವಾ, ಅಳಿಯಂದಿರು ಗಿಡಾ ಭಾಳ ಜ್ವಾಕಿ ಮಾಡ್ಯಾರ" ಎಂದರು.

"ಹೌದಪ್ಪಾ, ಭಾಳ ಜ್ವಾಕಿ. ಮುಟ್ಟೇ ಇಲ್ಲ" ಎಂದಳು ಶಾಂತಾ. ಅವಳು ನನ್ನನ್ನು ಬಿಟ್ಟುಕೊಡಲಿಲ್ಲ. ನನ್ನ ಕಣ್ಣು ಒದ್ದೆಯಾಯಿತು. ಒರೆಸಿಕೊಳ್ಳಲು ಜೇಬಿನಿಂದ ಕರವಸ್ತ್ರ ಎಳೆದೆ. ಅದರ ಜೊತೆಗೆ ಒಂದು ಎಳೆಯ ಲಿಂಬೆ ಎಲೆ ಹೊರಬಂದು ಮಾವನವರ ಪಾದದ ಮೇಲೆ ಬಿತ್ತು.

ಅವರು ಎತ್ತಿ ಮೂಸಿ ನೋಡಿದರು. "ಇದಕ್ಕೇನು ರೋಗ ಆಗೇತ್ರಿ?"

"ರೋಗ ಇಲ್ರಿ ಮಾವಾರ" ಎಂದೆ. "ಛಲೋ ಎಲೀದೂ ಒಂದು ಸ್ಯಾಂಪಲ್ ಬೇಕಾಗತೈತಿ. ಹೋಲಿಸಿ ನೋಡಾಕ."

ಅವರು ಬರುವ ಸಡಗರದಲ್ಲಿ ಶಾಂತಾ ಆ ದಿನ ಬೆಳಗ್ಗೆ ಬೀಗ ಹಾಕಲು ಮರೆತಿದ್ದಳು. ಈಗ ಸೊಂಟದ ಕೀಲಿ ತೆಗೆದು ಅಪ್ಪನ ಕೈಯಲ್ಲಿಟ್ಟಳು. ಮರುದಿನ ನಸುಕಿನಲ್ಲಿ, ಹಬ್ಬದ ಎಣ್ಣೆಸ್ನಾನಕ್ಕೆಂದು ಹಿತ್ತಿಲಲ್ಲಿ ಕಾಯುತ್ತಿದ್ದ ಹಂಡೆಯ ನೀರು ತರಲು ನಾನು ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಮಾವನವರ ಎದುರು ನಿಲ್ಲಬೇಕಾಯಿತು. ಅವರು ಬಾಗಿಲು ತೆಗೆದರು. ನಾನು ನೀರು ತುಂಬಿಕೊಂಡು ಬಂದಾಗ ಕೊಡವನ್ನು ಕೆಳಗಿಡಿಸಿ, ನನ್ನ ಎರಡೂ ಅಂಗೈ ನೋಡಿ ಒಳಗೆ ಬಿಟ್ಟರು.